ದಾದು-ಫಿರ್ಯಾದು

ನಮ್ಮ ಅತ್ತಿಯ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿದ್ದ ಮಾತೊಂದಿತ್ತು: "ದಾದ ಇಲ್ಲ, ಫಿರ್ಯಾದ ಇಲ್ಲ." ಎಮ್ಮೆ ಹಗ್ಗ ಹರಿದುಕೊಂಡು ಮಂದಿಯ ಜೋಳ ಮೇದು ಬಂದರೂ ಇದೇ ಮಾತು, ಮಳೆ ಒಂದು ತಿಂಗಳು ತಡವಾದರೂ ಇದೇ ಮಾತು. ಹೇಳುವವರಿಲ್ಲ, ಕೇಳುವವರಿಲ್ಲ ಎನ್ನುವುದಕ್ಕೆ ನಮ್ಮ ಕಡೆಯ ಜನ ಹೀಗೆ ಅನ್ನುವುದುಂಟು. ಅತ್ತಿ ಎಂದರೆ ನಮ್ಮಪ್ಪನ ಬೆನ್ನಿಗೆ ಹುಟ್ಟಿದ ಒಬ್ಬಳೇ ತಂಗಿ. ಸಿಂದಗಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಇಪ್ಪತ್ತೈದು ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು, ಒಬ್ಬ ಮಗಳನ್ನು ಕಟ್ಟಿಕೊಂಡು, ಅಷ್ಟಿಷ್ಟು ಒಣಬೇಸಾಯದಲ್ಲಿ ಬದುಕು ತೆಗೆದವಳು. ಅವಳ ಮಾತಿನಲ್ಲಿದ್ದ 'ದಾದ' ಎಂದರೇನು ಎಂದು ನಾನು ಎಂದೂ ಯೋಚಿಸಿರಲಿಲ್ಲ. 'ಫಿರ್ಯಾದ'ಕ್ಕೆ ಪ್ರಾಸವಾಗಲಿ ಎಂದು ಯಾರೋ ಅಂಟಿಸಿದ ಶಬ್ದವಿರಬೇಕು, ಊಟ-ಗೀಟ ಅಂದ ಹಾಗೆ, ಎಂದುಕೊಂಡಿದ್ದೆ. ಅದರ ಅರ್ಥ ನನಗೆ ಹೊಳೆದದ್ದು 1989ರ ಒಂದು ಮಧ್ಯಾಹ್ನ, ವಿಜಾಪುರದ ಅಸಾರ್ ಮಹಲಿನ ಎದುರು. ಆಗಿನ್ನೂ ಆ ಊರು ವಿಜಾಪುರವೇ. ವಿಜಯಪುರ ಎಂದು ಸರಕಾರಿ ಹೆಸರು ಬಂದದ್ದು 2014ರ ನವೆಂಬರ್ 1ರಂದು.

ಅಸಾರ್ ಮಹಲಿನ ಮೊದಲ ಹೆಸರು ದಾದ್ ಮಹಲ್. ದಾದ್ ಎಂದರೆ ಪಾರಸಿಯಲ್ಲಿ ನ್ಯಾಯ. ಫರ್ಯಾದ್ ಎಂದರೆ ಮೊರೆ. ಮೊರೆ ಇಡುವವನು ಫಿರ್ಯಾದಿ, ಅವನಿಗೆ ಸಿಗಬೇಕಾದದ್ದು ದಾದು. 1646ರ ಸುಮಾರಿಗೆ ಮುಹಮ್ಮದ್ ಆದಿಲಶಾಹ ಕಟ್ಟಿಸಿದ ನ್ಯಾಯದ ಮನೆ ಅದು. ಮುನ್ನೂರೈವತ್ತು ವರ್ಷದ ಹಿಂದೆ ಅರಸನ ಕಚೇರಿಯಲ್ಲಿದ್ದ ಶಬ್ದ ನಮ್ಮ ಅತ್ತಿಯ ಕೊಟ್ಟಿಗೆಯವರೆಗೆ ನಡೆದು ಬಂದಿತ್ತು. ಅವಳದೊಂದೇ ಏಕೆ? ವಕೀಲ, ದಾವೆ, ತಕರಾರು, ಜಾಮೀನು, ರಾಜಿ, ಹಾಜರಿ, ಕಬಜಾ, ಫೈಸಲು — ಕೋರ್ಟಿನ ಸುತ್ತ ಓಡಾಡುವ ನಮ್ಮ ಮಾತುಗಳಲ್ಲಿ ಬಹಳಷ್ಟು ಅರಬ್ಬಿ-ಪಾರಸಿಯಿಂದ ಬಂದಂಥವು. ಅಕ್ಷರ ಬಾರದ ರೈತನೂ ಅವನ್ನು ತನ್ನ ಎತ್ತಿನ ಹೆಸರಿನಷ್ಟೇ ಸಲೀಸಾಗಿ ಆಡುತ್ತಾನೆ. ವ್ಯಾಜ್ಯ ನಮ್ಮ ಸೀಮೆಯಲ್ಲಿ ಎಷ್ಟು ಹಳೆಯ ಬೆಳೆ ಎಂಬುದಕ್ಕೆ ಬೇರೆ ಪುರಾವೆ ಬೇಡ.

ನಮ್ಮ ಮನೆಯೂ ಆ ಬೆಳೆ ಬೆಳೆದದ್ದೇ. ಮುದ್ದೇಬಿಹಾಳ ತಾಲೂಕಿನ ಕೃಷ್ಣೆಯ ದಂಡೆಯಲ್ಲಿ ನಮ್ಮ ಊರಿತ್ತು. ಇತ್ತು ಎನ್ನುವುದಕ್ಕೆ ಕಾರಣ ಮುಂದೆ ಬರುತ್ತದೆ. ಹೊಳೆಯ ಬಾಜು ಒಂಬತ್ತು ಎಕರೆ ಇಪ್ಪತ್ತು ಗುಂಟೆ ಎರೆಭೂಮಿ. ಅದು ಪೂರ್ತಿ ತನ್ನದೆಂದು ನಮ್ಮ ಮುತ್ಯಾ, ಅರ್ಧ ತನ್ನದೆಂದು ಅವನ ಕಾಕಾನ ಮಗ. ಊರ ಪಂಚರು ಚಾವಡಿಯಲ್ಲಿ ಕೂತು, ಅರ್ಧ-ಅರ್ಧ ಮಾಡಿಕೊಳ್ಳಿರೆಂದು ಹೇಳಿ, ಎಲೆ ಅಡಿಕೆ ಹಂಚಿ ಎದ್ದು ಹೋದರು. ಮುತ್ಯಾ ಎಲೆ ಅಡಿಕೆಯನ್ನು ಮುಟ್ಟಲಿಲ್ಲ. 1946ರಲ್ಲಿ ಮುದ್ದೇಬಿಹಾಳದ ಕೋರ್ಟಿನಲ್ಲಿ ದಾವೆ ಬಿತ್ತು.

ಆಗ ಅತ್ತಿಗೆ ಹನ್ನೆರಡು ವರ್ಷ. ತಾರೀಖಿನ ದಿನ ನಸುಕಿನಲ್ಲಿ ಚಕ್ಕಡಿ ಹೂಡುತ್ತಿದ್ದರು. ಬುತ್ತಿ ಗಂಟು ಕಾಯಲು, ಎತ್ತುಗಳಿಗೆ ನೀರು ತೋರಿಸಲು ಮುತ್ಯಾ ಮಗಳನ್ನು ಕರೆದುಕೊಂಡು ಹೋಗುತ್ತಿದ್ದ. ಕೋರ್ಟಿನ ಮುಂದಿನ ಬೇವಿನ ಗಿಡದ ಬುಡದಲ್ಲಿ ಚಕ್ಕಡಿಯ ನೊಗ ಇಳಿಸಿ ಇಡೀ ದಿನ ಅವಳು ಕೂತಿರುತ್ತಿದ್ದಳಂತೆ. ಒಳಗಿನಿಂದ ಪಟ್ಟೇವಾಲ ಬಂದು ಮೂರು ಸಲ ಹೆಸರು ಕೂಗುವುದು, ಹೆಸರು ಕೇಳಿದವ ಧೋತರದ ಚುಂಗು ಸರಿಮಾಡಿಕೊಂಡು ಒಳಗೆ ಓಡುವುದು, ಇದೆಲ್ಲ ಅವಳಿಗೆ ಬಯಲಾಟವಿದ್ದಂತೆ. "ನನ್ನ ಹೆಸರು ಯಾವಾಗ ಕೂಗ್ತಾರ ಯಪ್ಪಾ?" ಎಂದು ಕೇಳಿದ್ದಳಂತೆ. ಮುತ್ಯಾ ನಕ್ಕು, "ಹೆಣ್ಮಕ್ಕಳ ಹೆಸರು ಕೋರ್ಟಿನಾಗ ಕೂಗಬಾರದು ತಂಗಿ" ಅಂದಿದ್ದ. ಇದನ್ನು ಅತ್ತಿ ನಮಗೆ ನಗುತ್ತಲೇ ಹೇಳುತ್ತಿದ್ದಳು. ನಾವೂ ನಗುತ್ತಿದ್ದೆವು.

ದಾವೆ ಮುದ್ದೇಬಿಹಾಳದಿಂದ ವಿಜಾಪುರದ ಜಿಲ್ಲಾ ಕೋರ್ಟಿಗೆ ಏರಿತು. ಅಲ್ಲಿಂದ ಮುಂಬಯಿ ಹೈಕೋರ್ಟು. ನಮ್ಮದು ಆಗ ಮುಂಬಯಿ ಪ್ರಾಂತ. 1955ರಲ್ಲಿ ಮುತ್ಯಾ ವಕೀಲರ ಗುಮಾಸ್ತನ ಸಂಗಡ ಸೋಲಾಪುರದ ಮೇಲಿಂದ ರೈಲು ಹಿಡಿದು ಮುಂಬಯಿಗೆ ಹೋಗಿ ಬಂದ. ಅವನ ಬದುಕಿನಲ್ಲಿ ಅದೊಂದೇ ದೂರದ ಪ್ರಯಾಣ. ಹಿಂದಿರುಗಿದವ ಸಮುದ್ರದ ಮಾತು ಆಡಲಿಲ್ಲ, ಕೋರ್ಟಿನ ಮಾತೇ ಆಡಿದ. "ಕರೀ ಕಲ್ಲಿನ ಗುಡ್ಡಾ ಕೊರದು ಮಾಡಿಧಂಗ ಐತಿ. ಮ್ಯಾಲ ಗುಡಿ ಶಿಖರಧಂಗ ಚೂಪು. ಒಳಗ ಹೊಕ್ಕರ ಹೊರಗ ಬರೂ ದಾರಿ ಸಿಗಂಗಿಲ್ಲ" ಎನ್ನುತ್ತಿದ್ದ. ಕರ್ನಲ್ ಫುಲ್ಲರ್ ಎಂಬ ಇಂಜಿನಿಯರು 1871ರಿಂದ 1878ರವರೆಗೆ ಕಟ್ಟಿಸಿದ ಕಟ್ಟಡವದು. ಉದ್ದ 562 ಅಡಿ. ಯುರೋಪಿನ ಹಳೆಯ ಚರ್ಚು-ಕೋಟೆಗಳ ಗಾಥಿಕ್ ಶೈಲಿ. ನೆತ್ತಿಯ ಮೇಲೆ ನ್ಯಾಯ ಮತ್ತು ಕರುಣೆಯ ಎರಡು ಮೂರ್ತಿಗಳಿವೆ. ಮುತ್ಯಾನಿಗೆ ಅವು ಕಾಣಿಸಲಿಲ್ಲ. ಅವನಿಗೆ ಕಾಣಿಸಿದ್ದು ಗುಮಾಸ್ತ ತೋರಿಸಿದ ಒಂದು ಕಂಬ. ಅದರ ಮೇಲೆ ತಕ್ಕಡಿ ಹಿಡಿದ ಮಂಗ್ಯಾ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದೆ, ಇನ್ನೊಂದು ಕಣ್ಣು ತೆರೆದಿದೆ! ಕಟ್ಟುವಾಗ ವ್ಯಾಜ್ಯದಲ್ಲಿ ಸೋತ ಗುತ್ತಿಗೆದಾರನೊಬ್ಬ ಸಿಟ್ಟಿನಿಂದ ಕೆತ್ತಿಸಿದ್ದು ಎಂದು ಕಥೆ ಹೇಳುತ್ತಾರೆ. "ನ್ಯಾಯದೇವತಿಗೆ ಎರಡೂ ಕಣ್ಣು ಕಟ್ಟಿರ್ತಾರ. ಈ ಮಂಗ್ಯಾ ಒಂದು ಕಣ್ಣು ತೆಗದು, ಬೇಕಾದವರನ್ನ ಅಷ್ಟ ನೋಡತೈತಿ" ಎಂದು ಮುತ್ಯಾ ಸಾಯುವತನಕ ಹೇಳಿದ. ಆ ಮಂಗ್ಯಾ ಯಾರೆಂದು ನನಗೆ ತಿಳಿದದ್ದು ಬಹಳ ತಡವಾಗಿ.

1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಹೊಂದಿಕೆಯಾದವು. ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ನಮ್ಮ ಹೊಲ ಇದ್ದಲ್ಲೇ ಇತ್ತು, ನಮ್ಮ ಅಪೀಲು ಮಾತ್ರ ಮುಂಬಯಿಯಿಂದ ಬೆಂಗಳೂರಿಗೆ ಹೋಯಿತು. ಏಕೀಕರಣವೆಂದರೆ ನಮ್ಮ ಮನೆಯಲ್ಲಿ ಮೊದಲು ಅರ್ಥವಾದದ್ದು ಇಷ್ಟೇ. ಈ ಸಲ ಅಪ್ಪ ಹೋದ. ಅವನು ಕಂಡದ್ದು ಕೆಂಪು ಬಣ್ಣದ, ಸಾಲು ಕಂಬಗಳ, ಉದ್ದುದ್ದ ಪಡಸಾಲೆಗಳ ಅಠಾರಾ ಕಚೇರಿ. ರಿಚರ್ಡ್ ಸ್ಯಾಂಕಿಯವರ ಯೋಜನೆಯಂತೆ 1864ರಿಂದ 1868ರವರೆಗೆ ಕಟ್ಟಿದ್ದು. ಹದಿನೆಂಟು ಇಲಾಖೆಗಳು ಅಲ್ಲಿದ್ದುದರಿಂದ ಆ ಹೆಸರು. ಅಂದರೆ ಅದು ಕೋರ್ಟಿಗೆಂದು ಹುಟ್ಟಿದ ಕಟ್ಟಡವಲ್ಲ, ಲೆಕ್ಕಪತ್ರಗಳ ಮನೆ. ಆಮೇಲೆ ನ್ಯಾಯದ ಮನೆಯಾಯಿತು. ಎದುರಿಗೆ ವಿಧಾನಸೌಧ ಹೊಸದಾಗಿ ನಿಂತಿತ್ತು. 1980ರ ದಶಕದಲ್ಲಿ ಈ ಕೆಂಪು ಕಟ್ಟಡವನ್ನು ಕೆಡವುವ ಪ್ರಸ್ತಾಪ ಬಂದಾಗ, ಅದನ್ನು ಉಳಿಸಬೇಕೆಂಬ ಅರ್ಜಿಯ ವಿಚಾರಣೆ ಅದೇ ಕಟ್ಟಡದೊಳಗೆ ನಡೆಯಿತು. ಗೋಡೆಗಳು ತಮ್ಮ ದಾವೆಯನ್ನು ತಾವೇ ಕೇಳಿಸಿಕೊಂಡವು. ಕಟ್ಟಡ ಇಂದಿಗೂ ನಿಂತಿದೆ.

1961ರಲ್ಲಿ ನಮ್ಮ ತೀರ್ಪು ಬಂತು: ಅರ್ಧ-ಅರ್ಧ. ಊರ ಪಂಚರು ಎಲೆ ಅಡಿಕೆಯ ಜೊತೆಗೆ ಕೊಟ್ಟಿದ್ದನ್ನೇ ನಾವು ಹದಿನೈದು ವರ್ಷ ದುಡ್ಡು ಸುರಿದು ಕೊಂಡು ತಂದಿದ್ದೆವು. ಕೋರ್ಟುಗಳ ತಪ್ಪು ಇದರಲ್ಲಿ ಏನೂ ಇಲ್ಲ. ಕೆಳಗಿನಿಂದ ಮೇಲಿನವರೆಗೆ ಎಲ್ಲ ಕಡೆ ಒಂದೇ ಮಾತು ಹೇಳಿದ್ದರು. ಒಪ್ಪದೆ ಮೇಲೆ ಮೇಲೆ ಏರಿದವರು ನಾವು. ನಾಲ್ಕು ಎಕರೆ ಮೂವತ್ತು ಗುಂಟೆ ನಮಗೆ ಉಳಿಯಿತು. ಎರಡು ಮನೆಗಳ ಮಾತು ನಿಂತಿತು. 1967ರಲ್ಲಿ ಮುತ್ಯಾ ತೀರಿಕೊಂಡ.

ಆಮೇಲೆ ಬಂದದ್ದು ನೀರು. ಕೃಷ್ಣಾ ಮೇಲ್ದಂಡೆ ಯೋಜನೆಯಲ್ಲಿ ನಾರಾಯಣಪುರದ ಆಣೆಕಟ್ಟು, ಈಗ ಬಸವಸಾಗರ ಎನ್ನುವುದು, 1982ರಲ್ಲಿ ಮುಗಿಯಿತು. ಹಿನ್ನೀರು ಊರಿಗೂ ಬಂತು, ಹೊಲಕ್ಕೂ ಬಂತು. ವಾದಿಯ ನಾಲ್ಕು ಎಕರೆ ಮೂವತ್ತು ಗುಂಟೆ, ಪ್ರತಿವಾದಿಯ ನಾಲ್ಕು ಎಕರೆ ಮೂವತ್ತು ಗುಂಟೆ, ನಡುವಿನ ಬದು, ಆ ಬದುವಿನ ಮೇಲಿನ ಬನ್ನಿಗಿಡ, ಎಲ್ಲ ಒಂದೇ ನೀರಿನ ಕೆಳಗೆ ಕೂಡಿಕೊಂಡವು. ಪರಿಹಾರ ಸಾಲದೆಂದು ಮುಳುಗಡೆಯ ರೈತರು ಹಾಕಿದ ಅರ್ಜಿಗಳಲ್ಲಿ ನಮ್ಮ ಎರಡು ಮನೆಗಳ ಅರ್ಜಿಯೂ ಇತ್ತು. ಈಗ ನಾವು ವಾದಿ-ಪ್ರತಿವಾದಿಗಳಲ್ಲ, ಒಂದೇ ಕಡೆಯವರು. ಮಾತು ಬಿಟ್ಟಿದ್ದ ಕಾಕಾ ಮತ್ತು ಅಪ್ಪ ಒಂದೇ ಬಸ್ಸಿನಲ್ಲಿ, ಮೊದಲು ಹಿಂದೆ-ಮುಂದೆ ಸೀಟಿನಲ್ಲಿ, ಆಮೇಲೆ ಒಂದೇ ಸೀಟಿನಲ್ಲಿ ಕೂತು ವಿಜಾಪುರಕ್ಕೆ ಹೋಗತೊಡಗಿದರು. ಬಸವನ ಬಾಗೇವಾಡಿಯಲ್ಲಿ ಬಸ್ಸು ನಿಂತಾಗ ಒಂದೇ ಚಹಾವನ್ನು ಬಸಿಯಲ್ಲಿ ಅರ್ಧ-ಅರ್ಧ ಮಾಡಿಕೊಂಡು ಕುಡಿಯುವುದನ್ನು ನಾನೇ ನೋಡಿದೆ. ಹದಿನೈದು ವರ್ಷದ ದಾವೆ ಮಾಡದ್ದನ್ನು ನೀರು ಮಾಡಿತ್ತು.

ನಾನು ಆಗ ಇಂಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಒಂದಿಲ್ಲೊಂದು ಕಾರಣಕ್ಕೆ, ಸ್ವಂತದ್ದಕ್ಕೋ ಸಾಕ್ಷಿಗೋ, ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ, ಇಂಡಿ ನಾಲ್ಕೂ ತಾಲೂಕಿನ ಕೋರ್ಟುಗಳ ಹೊರಗೆ ಕೂತು ಎದ್ದಿದ್ದೇನೆ. ಕೋರ್ಟಿನ ಒಳಗು ಎಲ್ಲ ಕಡೆ ಒಂದೇ: ಎತ್ತರದ ಪೀಠ, ಕಟಕಟೆ, ಕೆಂಪು ಪಟ್ಟಿ ಕಟ್ಟಿದ ಕಡತ. ಊರು ಯಾವುದೆಂದು ಹೇಳುವುದು ಹೊರಗು. ಸ್ಟ್ಯಾಂಪು ಮಾರುವವ, ಟೈಪ್ ಮಾಡುವವ, ಶೇಂಗಾ ಮಾರುವವಳು, ಮೊಳಕಾಲಲ್ಲಿ ಮುಖ ಇಟ್ಟು ಕೂತ ಮುದುಕಿ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಜೀವನಾಂಶಕ್ಕೆ ಬಂದ ಹುಡುಗಿ. ದೊಡ್ಡ ಕೋರ್ಟು ಕಟ್ಟುವವರು ಗೋಪುರದ ಎತ್ತರ, ಕಂಬದ ಕುಸುರಿ ಲೆಕ್ಕ ಹಾಕುತ್ತಾರೆ. ಆದರೆ ನ್ಯಾಯಕ್ಕೆ ಬಂದವನ ಬದುಕಿನ ಬಹುಪಾಲು ಕಳೆಯುವುದು ಅದರ ನೆರಳಿನಲ್ಲಿ. ನೆರಳು ಎಷ್ಟಗಲ ಇದೆ, ಅದರಲ್ಲಿ ಯಾರು ಕೂತಿದ್ದಾರೆ ಎಂದು ನೋಡುವವರು ಕಡಿಮೆ. ನಾನೂ ನೋಡಿದವನಲ್ಲ.

1989ರ ಆ ದಿನಕ್ಕೆ ಬರುತ್ತೇನೆ. ಪರಿಹಾರದ ಮೊತ್ತ ಹೆಚ್ಚಾಗಿ ಹಣ ಬರುವುದಿತ್ತು. ವಕೀಲರು ಕಾಗದ ನೋಡಿ, "ನಿಮ್ಮ ತಂಗೀದು ಹಕ್ಕು ಬಿಟ್ಟ ಪತ್ರ ಬೇಕಾಗ್ತದ್ರಿ" ಅಂದರು. 1956ರ ಹಿಂದೂ ಉತ್ತರಾಧಿಕಾರ ಕಾಯದೆ ಬಂದ ಮೇಲೆ ಮುತ್ಯಾ ಸತ್ತದ್ದು. ಮೃತ್ಯುಪತ್ರ ಬರೆದಿರಲಿಲ್ಲ. ಅವನ ಪಾಲು ಅರ್ಧ, ಅಪ್ಪನದು ಅರ್ಧ. ಮುತ್ಯಾನ ಅರ್ಧದಲ್ಲಿ ಮಗನಿಗೆಷ್ಟೋ ಮಗಳಿಗೂ ಅಷ್ಟೇ. ಅಂದರೆ ನಾಲ್ಕು ಎಕರೆ ಮೂವತ್ತು ಗುಂಟೆಯಲ್ಲಿ ಕಾಲು ಭಾಗ, ಒಂದು ಎಕರೆ ಏಳೂವರೆ ಗುಂಟೆ, ಇಪ್ಪತ್ತೆರಡು ವರ್ಷದಿಂದ ಅತ್ತಿಯದಾಗಿತ್ತು. ನಮಗದು ಗೊತ್ತಿರಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತು ಮಾಡಿಕೊಂಡಿರಲಿಲ್ಲ.

ಸಿಂದಗಿ ಕಡೆಯಿಂದ ಅತ್ತಿ ಬಂದಳು. ಯಾಕೆ ಎಂದು ಕೇಳಲಿಲ್ಲ. ಅಣ್ಣ ಕರೆದಿದ್ದ, ಬಂದಳು. ಸಂಗಡ ದೊಡ್ಡದೊಂದು ಬುತ್ತಿಗಂಟು. ನೋಂದಣಿಯ ಕೆಲಸ ಮಧ್ಯಾಹ್ನ ಮೂರರ ಮೇಲೆ ಎಂದಾಯಿತು. ನಡುವೆ ಸಮಯವಿತ್ತು. ಮಾಸ್ತರನಾದ ನನಗೆ ಎಲ್ಲರಿಗೂ ಏನಾದರೂ ತೋರಿಸುವ ಚಟ. ಅಪ್ಪ, ಕಾಕಾ, ಅತ್ತಿ ಮೂವರನ್ನೂ ಅಸಾರ್ ಮಹಲಿಗೆ ಕರೆದುಕೊಂಡು ಹೋದೆ.

ವಿಜಾಪುರದ ಕಟ್ಟಡಗಳೆಂದರೆ ಗೋಲಗುಮ್ಮಟ, ಇಬ್ರಾಹಿಂ ರೋಜಾ ಎನ್ನುವವರು ಬಹಳ. ಅಸಾರ್ ಮಹಲಿಗೆ ಅಷ್ಟು ಜನ ಹೋಗುವುದಿಲ್ಲ. ಅದಕ್ಕೆ ಗುಮ್ಮಟವಿಲ್ಲ, ಮಿನಾರಿಲ್ಲ. ಅರಕಿಲ್ಲೆಯ ಕಂದಕದ ಆಚೆ ದಂಡೆಗೆ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಅದರ ವಿಶೇಷವೆಂದರೆ ಮುಂದಿನ ಗೋಡೆಯೇ ಇಲ್ಲ. ನೆಲದಿಂದ ಚಾವಣಿಯವರೆಗೆ ಇಡೀ ಮುಖ ತೆರೆದು ಬಿಟ್ಟಿದ್ದಾರೆ. ಅಷ್ಟೆತ್ತರದ ಚಾವಣಿಯನ್ನು ನಾಲ್ಕೇ ನಾಲ್ಕು ಭಾರಿ ಮರದ ಕಂಬಗಳು ಹೊತ್ತಿವೆ. ಕಲ್ಲಿನ ಊರಿನಲ್ಲಿ ಇದು ಮರದ ಸಾಹಸ. ಹಿಂದೆ ಎರಡು ಅಂತಸ್ತಿನ ಕೋಣೆಗಳು. ಗೋಡೆಗಳ ಮೇಲೆ ಬಳ್ಳಿ, ಹೂದಾನಿ, ಮನುಷ್ಯರ ಆಕೃತಿಗಳ ವರ್ಣಚಿತ್ರಗಳು, ಬಹಳಷ್ಟು ಮಾಸಿದವು. ಎದುರಿಗೆ ಚೌಕನೆಯ ದೊಡ್ಡ ಕೊಳ. ಹಿಂಬದಿಯಲ್ಲಿ ಕಂದಕದ ಮೇಲೆ ಸೇತುವೆ ಇತ್ತು. ಅರಸ ಅರಮನೆಯಿಂದ ನೇರ ಇಲ್ಲಿಗೆ ಬರಬಹುದಿತ್ತು. ಅರಸನಿಗೆ ಹಿಂದಿನಿಂದ ದಾರಿ, ಮೊರೆ ಇಡುವ ಮಂದಿಗೆ ಮುಂದಿನಿಂದ ಬಯಲು. ನ್ಯಾಯ ಹೇಳುವುದನ್ನು ನಾಲ್ಕು ಗೋಡೆಯೊಳಗೆ ಹೇಳಬಾರದು, ಬಿಸಿಲಿಗೆ ನಿಂತವನಿಗೂ ಕಾಣಬೇಕು ಎಂದೇ ಹೀಗೆ ಕಟ್ಟಿಸಿರಬೇಕೆಂದು ನನ್ನ ಮನಸ್ಸಿಗೆ ಅನಿಸಿತು.

ಆದರೆ ದಾದ್ ಮಹಲ್ ಬಹಳ ದಿನ ದಾದ್ ಮಹಲಾಗಿ ಉಳಿಯಲಿಲ್ಲ. ಪ್ರವಾದಿಯವರ ಗಡ್ಡದ ಎರಡು ಕೂದಲೆಂದು ನಂಬುವ ಪವಿತ್ರ ಕುರುಹುಗಳನ್ನು ಇಲ್ಲಿ ತಂದಿರಿಸಿದರು. ಅಸಾರ್ ಎಂದರೆ ಅಂಥ ಕುರುಹು. ನ್ಯಾಯದ ಮನೆ ಅಸಾರದ ಮನೆಯಾಯಿತು. ವರ್ಷಕ್ಕೊಮ್ಮೆ ಉರುಸು ನಡೆಯುತ್ತದೆ. ವಿಜಾಪುರದಲ್ಲಿ ಕಟ್ಟಡಗಳು ಹೀಗೆ ಕಸಬು ಬದಲಿಸುತ್ತಲೇ ಬಂದಿವೆ. 1686ರಲ್ಲಿ ಔರಂಗಜೇಬ ಊರು ಗೆದ್ದ ಮೇಲೆ ಅರಮನೆಗಳಿಗೆ ಅರಸರಿಲ್ಲದೆ ಹೋದರು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿಯಿಂದ ಇಲ್ಲಿಗೆ ಬಂದಾಗ ಇಂಗ್ರಜರು ಹೊಸದು ಕಟ್ಟುವ ಮೊದಲು ಹಳೆಯದರಲ್ಲಿ ಹೊಕ್ಕರು. ಚೀನಿ ಮಹಲಿನಲ್ಲಿ ಸರಕಾರಿ ಕಚೇರಿ, ಅದಾಲತ್ ಮಹಲಿನಲ್ಲಿ ಕಲೆಕ್ಟರರ ವಾಸ, ಒಂದು ಮಸೀದಿಯಲ್ಲಿ ಅಂಚೆ ಕಚೇರಿ! ವೈಸರಾಯ್ ಲಾರ್ಡ್ ಕರ್ಝನ್ ಬಂದು ನೋಡಿದ ಮೇಲೆ ಅಂಚೆ ಕಚೇರಿಯನ್ನು ಎಬ್ಬಿಸಿದರು. ಅದಾಲತ್ ಎಂದರೂ ನ್ಯಾಯವೇ. ನ್ಯಾಯದ ಹೆಸರಿನ ಎರಡೂ ಮನೆಗಳಲ್ಲಿ ನ್ಯಾಯ ಉಳಿಯದೆ, ಹೆಸರಷ್ಟೇ ಉಳಿಯಿತು. ಒಂದರ ಹೆಸರು ಕಟ್ಟಡದ ಮೇಲೆ, ಇನ್ನೊಂದರ ಹೆಸರು ಅತ್ತಿಯ ನಾಲಗೆಯ ಮೇಲೆ.

ನಾವು ಮೆಟ್ಟಿಲ ಹತ್ತಿರ ಹೋದಾಗ ಕಾಯುವವರು ನಮ್ರವಾಗಿಯೇ ಹೇಳಿದರು: "ಅಸಾರ್ ಇರೂ ಜಾಗಾ ರೀ. ಹೆಣ್ಮಕ್ಕಳು ಒಳಗ ಬರಂಗಿಲ್ಲ." ಅತ್ತಿಗೆ ಬೇಸರವೇನೂ ಆದಂತೆ ಕಾಣಲಿಲ್ಲ. "ನೀವು ನೋಡಿ ಬರ್ರಿ. ನಾ ಇಲ್ಲೇ ಕುಂತು ಬುತ್ತಿ ಬಿಚ್ಚತೀನಿ" ಎಂದು ಕೊಳದ ದಂಡೆಯ ಕಲ್ಲಿನ ಮೇಲೆ ಕೂತಳು. ಒಳಗೆ ಹೋಗಿ ಕಂಬ ನೋಡಿದೆವು, ಚಿತ್ರ ನೋಡಿದೆವು. ನಾನು ಅಪ್ಪನಿಗೂ ಕಾಕಾನಿಗೂ ಇತಿಹಾಸ ಹೇಳಿದೆ. ಹೊರಗೆ ಬಂದಾಗ ಸಜ್ಜಿರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮೂರು ಎಲೆಗೆ ಬಡಿಸಿಟ್ಟಿದ್ದಳು. ಕಾಕಾನ ಎಲೆಗೆ ಒಂದು ರೊಟ್ಟಿ ಹೆಚ್ಚು. ಮೂವತ್ತು ವರ್ಷದ ಮೇಲೆ ಅವನು ನಮ್ಮ ಮನೆಯ ಅನ್ನ ಉಣ್ಣುತ್ತಿದ್ದ. ಅವನ ಕಣ್ಣು ಒದ್ದೆಯಾಗಿದ್ದವು.

"ಅತ್ತಿ, ಇದು ಮದಲ ನ್ಯಾಯದ ಮನಿ ಆಗಿತ್ತಂತ. ದಾದ್ ಮಹಲ್ ಅಂತ ಹೆಸರು. ದಾದ್ ಅಂದರ ನ್ಯಾಯ" ಅಂದೆ.

ಅತ್ತಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕಟ್ಟಡದ ಕಡೆ ನೋಡಿದಳು. "ಹೌದೇನೋ ಮಾಸ್ತರಾ? ದಾದ ಇಲ್ಲ, ಫಿರ್ಯಾದ ಇಲ್ಲ ಅಂತೀನಲ್ಲ ನಾನು, ಆ ದಾದ ಇಲ್ಲಿತ್ತೇನು?" ಎಂದು ಬಾಯಿತುಂಬ ನಕ್ಕಳು. ಆಮೇಲೆ, "ನಾ ಕುಂತದ್ದು ಖರೇ ಜಾಗಾದಾಗ ಕುಂತೀನಿ ಬಿಡು" ಅಂದಳು.

ಮೂರು ಗಂಟೆಗೆ ನೋಂದಣಿ ಕಚೇರಿಗೆ ಹೋದೆವು. ಹೆಬ್ಬೆಟ್ಟಿಗೆ ಮಸಿ ತಂದರು. ಅತ್ತಿ ಕೈ ಹಿಂದೆಗೆದುಕೊಂಡು, "ನಂಗ ಸಹಿ ಬರತೈತಿ" ಅಂದಳು. ಬರುತ್ತಿತ್ತು. ನಾನೇ ಕಲಿಸಿದ್ದೆ. ಮಾಸ್ತರನಾದ ಹೊಸದರಲ್ಲಿ, ದೀಪಾವಳಿ ಸೂಟಿಯಲ್ಲಿ, ಅವಳ ಅಂಗಳದಲ್ಲಿ ಕೂತು ಅವಳ ಹೆಸರಿನ ಅಕ್ಷರಗಳನ್ನು ತಿದ್ದಿಸಿದ್ದೆ. ಹದಿನೈದು ವರ್ಷ ಆ ಸಹಿಗೆ ಕೆಲಸವೇ ಬಿದ್ದಿರಲಿಲ್ಲ. ಅಧಿಕಾರಿ ಪತ್ರ ಓದಿ, "ನಿಮ್ಮ ಒಪ್ಪಿಗಿ ಐತೇನವ್ವಾ? ಯಾರದರೆ ಒತ್ತಾಯ ಐತೇನು?" ಎಂದು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಅತ್ತಿ ಅವರಿಗೆ ಉತ್ತರ ಹೇಳದೆ ನನ್ನ ಕಡೆ ನೋಡಿದಳು. "ಇದನ್ನ ಬರದು ಕೊಟ್ಟರ ನಾ ತವರಿಗಿ ಬರಬೌದಲ್ಲ ತಮ್ಮಾ?" ಅಂದಳು. ನಾನು ತಲೆ ಆಡಿಸಿದೆ. ಒಂದೊಂದೇ ಅಕ್ಷರ ಕೂಡಿಸಿ, ನಾಲಗೆ ಹಲ್ಲಿನ ನಡುವೆ ಕಚ್ಚಿಕೊಂಡು, ತನ್ನ ಹೆಸರು ಬರೆದಳು. ತಾನು ಯಾವುದರಿಂದ ಹೊರಗೆ ಹೋಗುತ್ತಿದ್ದೇನೆಂಬುದರ ಕೆಳಗೆ ಬರೆದ ಆ ಸಹಿ ನನ್ನ ವಿದ್ಯಾದಾನದ ಮೊದಲ ಫಲ.

ಮಹಲಿನಲ್ಲಿ ಹೆಂಗಸರು ಒಳಗೆ ಬರಬಾರದೆಂಬುದು ಅಲ್ಲಿಯ ಪದ್ಧತಿ, ಬಾಯಿಬಿಟ್ಟು ಹೇಳಿದ್ದರು. ನಮ್ಮ ಮನೆಯ ಬಾಗಿಲಲ್ಲಿ ಅಂಥದೇನೂ ಹೇಳಿರಲಿಲ್ಲ. ಆದರೂ ಅತ್ತಿ ಹನ್ನೆರಡನೆಯ ವಯಸ್ಸಿನಿಂದ ಬುತ್ತಿಗಂಟು ಹಿಡಿದುಕೊಂಡು ಹೊರಗೇ ಕೂತಿದ್ದಳು. ದಾವೆ ಹೂಡಿದಾಗ ಬೇವಿನ ಗಿಡದ ಕೆಳಗೆ, ದಾವೆ ಮುಗಿದಾಗ ಕೊಳದ ದಂಡೆಗೆ. ಮುತ್ಯಾ ಹೇಳಿದ್ದಂತೆ ಯಾವ ಪಟ್ಟೇವಾಲನೂ ಅವಳ ಹೆಸರು ಕೂಗಲಿಲ್ಲ. ಮುಂಬಯಿಯ ಕಂಬದ ಮೇಲಿನ ಮಂಗ್ಯಾನನ್ನು ನಾವೆಲ್ಲ ಬೇರೆ ಯಾರನ್ನೋ ಅಣಕಿಸಿ ಕೆತ್ತಿದ್ದೆಂದು ನಗುತ್ತಿದ್ದೆವು. ಒಂದು ಕಣ್ಣು ಕಟ್ಟಿಕೊಂಡು, ಒಂದು ಕಣ್ಣಿನಿಂದ ಕಾಕಾನ ಅರ್ಧವನ್ನು ಹದಿನೈದು ವರ್ಷ ನೋಡುತ್ತ ಕೂತವರು ನಾವು. ಕಟ್ಟಿದ ಕಣ್ಣಿನ ಕಡೆಗೆ ಅತ್ತಿ ಇದ್ದಳು.

1994ರಲ್ಲಿ ಕರ್ನಾಟಕ ಸರಕಾರ ಕಾಯದೆ ತಿದ್ದಿ, ಅಲ್ಲಿಯವರೆಗೆ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಆ ಸಹಿ ನೆನಪಾಯಿತು. ಅತ್ತಿಗೆ ಪತ್ರ ಬರೆಯಬೇಕೆಂದುಕೊಂಡೆ, ಬರೆಯಲಿಲ್ಲ. ಅವಳು ತವರಿಗೆ ಬರುತ್ತ ಹೋಗುತ್ತ ಇದ್ದಳು, ಪ್ರತಿಸಲ ಏನಾದರೂ ಕಟ್ಟಿಕೊಂಡು ಬರುತ್ತಿದ್ದಳು. 2003ರಲ್ಲಿ ತೀರಿಕೊಂಡಳು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದ ಹೆಣ್ಣುಮಕ್ಕಳಿಗೂ ಆ ಹಕ್ಕು ದೊರೆಯಿತು. ತಂದೆ ಆಗ ಬದುಕಿರದಿದ್ದರೂ ಮಗಳ ಹಕ್ಕಿಗೆ ಚ್ಯುತಿಯಿಲ್ಲವೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅತ್ತಿಗೆ ಈ ಹೊಸ ಕಾಯದೆಗಳ ಅಗತ್ಯವೇ ಇರಲಿಲ್ಲ. ಹಳೆಯ ಕಾಯದೆಯೇ ಅವಳಿಗೆ ಕಾಲು ಭಾಗ ಕೊಟ್ಟಿತ್ತು. ಕಸಿದುಕೊಂಡದ್ದು ಒಂದು ತಲೆ ಆಡಿಸುವಿಕೆ.

2006ರಲ್ಲಿ, ಅಪ್ಪ ಹೋದ ಮೇಲೆ, ನಾನು ಸಿಂದಗಿ ಕಡೆ ಹೋದೆ. ಅತ್ತಿಯ ಮಗಳ ಮುಂದೆ ಹಣದ ಲಕೋಟೆ ಇಟ್ಟು, "ನಿನ್ನ ಮೊಮ್ಮಗಳ ಸಾಲಿಗೆ ಆಗತೈತಿ, ಇಟಗೋ" ಅಂದೆ. ಆಕೆ ಲಕೋಟೆ ಮುಟ್ಟಲಿಲ್ಲ. ನನಗೆ ಥಟ್ಟನೆ ಮುತ್ಯಾನ ಎಲೆ ಅಡಿಕೆ ನೆನಪಾಯಿತು. ಒಳಗೆ ಹೋಗಿ ನೋಟುಬುಕ್ಕಿನ ಒಂದು ಹಾಳೆ, ಪೆನ್ನು ತಂದಳು. "ಮಾಮಾ, ಸಾಲಿಗಿ ಅಂತ ಕೊಟ್ಟರ ನಂಗ ಬ್ಯಾಡ. ಇದು ನಮ್ಮವ್ವನ ಪಾಲಿಂದು ಅಂತ ಬರದು, ಸಹಿ ಮಾಡಿ ಕೊಡ್ರಿ. ಆಗ ತಗೋತೀನಿ" ಅಂದಳು. ಆ ಕಾಗದಕ್ಕೆ ಸ್ಟ್ಯಾಂಪಿಲ್ಲ, ಸಾಕ್ಷಿಯಿಲ್ಲ, ಕೋರ್ಟಿನಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಅದು ಆಕೆಗೂ ಗೊತ್ತಿತ್ತು. ಆದರೂ ನಾನು ಬರೆಯುವಾಗ ಆಕೆ ಅಧಿಕಾರಿಯಂತೆ ಎದುರಿಗೆ ಕೂತು ಒಂದೊಂದು ಸಾಲು ಓದಿಸಿದಳು. ಅತ್ತಿಯ ಹೆಸರನ್ನು ಪೂರ್ತಿಯಾಗಿ, ಮುತ್ಯಾನ ಹೆಸರಿನೊಂದಿಗೆ, ಅವನ ಮಗಳೆಂದು ಬರೆದೆ. ಓದಿ ಹೇಳಿದಾಗ ಅದೊಂದು ಕೂಗಿನಂತೆ ಕೇಳಿಸಿತು. ಸಹಿ ಮಾಡುವಾಗ ನನ್ನ ಕೈ ನಡುಗಿತು. ಲಕೋಟೆಯನ್ನು ಆಕೆ ಎರಡೂ ಕೈಯಿಂದ ತೆಗೆದುಕೊಂಡಳು.

ಈಗ ನಮ್ಮ ಕಡೆಯವರು ಹೈಕೋರ್ಟಿಗೆಂದು ಬೆಂಗಳೂರಿಗೆ ಹೋಗಬೇಕಾಗಿಲ್ಲ. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಮುಂಬಯಿ, ಬೆಂಗಳೂರು, ಕಲಬುರಗಿ ಎಂದು ನಮ್ಮ ನ್ಯಾಯದ ಮನೆ ಹತ್ತಿರ ಹತ್ತಿರ ಬರುತ್ತಿದೆ. ಒಳ್ಳೆಯದೇ. ಇನ್ನೂ ಹತ್ತಿರ ಬರಬೇಕಾದದ್ದು ನಮ್ಮ ಪಡಸಾಲೆಗೆ. ಅಲ್ಲಿಗೆ ಯಾವ ಸರಕಾರವೂ ಪೀಠ ಕಳಿಸಲಾರದು.

ಹೋದ ವರ್ಷ ವಿಜಯಪುರಕ್ಕೆ ಹೋದಾಗ ಒಬ್ಬನೇ ಅಸಾರ್ ಮಹಲಿನ ಕಡೆ ನಡೆದೆ. ಪುರಾತತ್ವ ಇಲಾಖೆಯ ಫಲಕ, ಹುಲ್ಲುಹಾಸು, ಕೊಳ. ಒಳಗೆ ಹೋಗುವ ಮನಸ್ಸಾಗಲಿಲ್ಲ. ಅತ್ತಿ ಕೂತ ಕಲ್ಲಿನ ಸುಮಾರಿಗೆ, ಕೊಳದ ದಂಡೆಗೆ ಕೂತೆ. ಅಲ್ಲಿಂದ ನೋಡಿದರೆ ನಾಲ್ಕು ಕಂಬಗಳ ನಡುವೆ ಇಡೀ ಚಾವಡಿ, ಹಿಂದಿನ ಬಾಗಿಲವರೆಗೆ, ಸ್ವಚ್ಛವಾಗಿ ಕಾಣುತ್ತದೆ. ಮುಂದಿನ ಗೋಡೆ ಇಲ್ಲವಲ್ಲ! ಅಂದು ನಾವು ಮೂವರು ಗಂಡಸರು ಒಳಗೆ ತಲೆ ಮೇಲೆತ್ತಿ ಚಾವಣಿ ನೋಡುತ್ತಿದ್ದದ್ದು, ಕೈ ಆಡಿಸಿ ನಾನು ನ್ಯಾಯದ ಇತಿಹಾಸ ಹೇಳುತ್ತಿದ್ದದ್ದು, ಎಲ್ಲ ಅವಳಿಗೆ ಕಂಡಿರಬೇಕು. ನಮಗೆ ಅವಳು ಕಂಡಿರಲಿಲ್ಲ.